ಮೂಲೆ ಬಿಟ್ಟುಕೊಟ್ಟ ಮೆಕ್‌ಲೀನ್

ಸೋಲೂರಿನ ಹೆದ್ದಾರಿಯಲ್ಲಿ ಮಂಗಳೂರು ಕಡೆ ಹೋಗೋ ಕಂಟೇನರ್ ಲಾರಿಗಳನ್ನ ನೋಡಿರ್ತೀರಿ. ಆ ಪೆಟ್ಟಿಗೆಗಳ ಹಿಂದಿರೋ ಮನುಷ್ಯ ಮಾಲ್ಕಮ್ ಮೆಕ್‌ಲೀನ್.

1913ರಲ್ಲಿ ಅಮೆರಿಕದ ಉತ್ತರ ಕ್ಯಾರೊಲಿನಾದಲ್ಲಿ ಹುಟ್ಟಿದ ಇವರು ಒಂದು ಹಳೇ ಲಾರಿಯಿಂದ ಸಾಗಣೆ ಶುರು ಮಾಡಿದ್ರು. ಆಗ ಹಡಗಿಗೆ ಒಂದೊಂದೇ ಮೂಟೆ ಹೊರಬೇಕಿತ್ತು. ಮೆಕ್‌ಲೀನ್ ಲಾರಿಯ ಪೆಟ್ಟಿಗೆಯನ್ನೇ ಎತ್ತಿ ಹಡಗಲ್ಲಿಟ್ಟರು. 1956ರ ಏಪ್ರಿಲ್ 26ರಂದು 'ಐಡಿಯಲ್ ಎಕ್ಸ್' ಹಡಗು 58 ಪೆಟ್ಟಿಗೆಗಳೊಂದಿಗೆ ನೆವಾರ್ಕ್‌ನಿಂದ ಹ್ಯೂಸ್ಟನ್‌ಗೆ ಹೊರಟಿತು.

ಖರ್ಚು ಇಳೀತು, ಬಂದರಿನ ಹಮಾಲರ ಕೆಲಸವೂ ಹೋಯ್ತು. ಆದರೆ ಒಂದೊಂದು ಕಂಪನಿಗೆ ಒಂದೊಂದು ಅಳತೆ. ತಮ್ಮ ಎಂಜಿನಿಯರ್ ಕೀತ್ ಟ್ಯಾಂಟ್ಲಿಂಗರ್ ರೂಪಿಸಿದ ಮೂಲೆ ಬೀಗದ ಪೇಟೆಂಟನ್ನ ಮೆಕ್‌ಲೀನ್ ಎಲ್ಲರಿಗೂ ಬಿಟ್ಟುಕೊಟ್ಟರು. ಮುಂದೆ 20 ಮತ್ತು 40 ಅಡಿ ಜಗತ್ತಿನ ಅಳತೆಯಾದವು; ಅವರದೇ 35 ಅಡಿ ಉಳಿಯಲಿಲ್ಲ. ಮೂಲೆ ಮಾತ್ರ ಉಳೀತು.

2001ರಲ್ಲಿ ಅವರ ಅಂತ್ಯಕ್ರಿಯೆಯ ದಿನ ಕಂಟೇನರ್ ಹಡಗುಗಳು ಸೀಟಿ ಊದಿ ಗೌರವ ಕೊಟ್ಟವು.