ಅರ್ಧಕ್ಕೆ ನಿಂತ ಗೂಡು

ಮಕ್ಕಳೇ, ದಸರಾ ರಜೆಯಲ್ಲಿ ನಿಮ್ಮೂರಿನ ಹಳ್ಳದ ಕಡೆಗೆ ಹೋಗಿದ್ದೀರಾ? ಕೋಗಳಿ ಸೀಮೆಯ ಹಳ್ಳಗಳು ಹೇಗಿರುತ್ತವೆ ಎಂದು ನಿಮಗೆ ಗೊತ್ತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಎಲ್ಲೇ ನೋಡಿದರೂ ಬೇಸಿಗೆಯಲ್ಲಿ ಹಳ್ಳವೆಂದರೆ ಬರೀ ಮರಳು. ಮಳೆ ಚೆನ್ನಾಗಿ ಆದ ವರ್ಷ ಭಾದ್ರಪದ, ಆಶ್ವಯುಜ ಮಾಸಗಳಲ್ಲಿ ಅದೇ ಮರಳಿನ ಮೇಲೆ ತಿಳಿನೀರು ಹರಿಯುತ್ತದೆ. ಆಶ್ವಯುಜದಿಂದ ಶರದೃತು. ದಂಡೆಯಲ್ಲಿ ಜೊಂಡು ಆಳೆತ್ತರ ಬೆಳೆದಿರುತ್ತದೆ. ತಂಗಡಿ ಗಿಡದಲ್ಲಿ ಹಳದಿ ಹೂ, ಲಕ್ಕಿ ಗಿಡದ ನೀಲಿ ಹೂವಿನ ಮೇಲೆ ಜೇನ್ನೊಣ. ನೀರಿನ ಮೇಲೆ ಏರೋಪ್ಲೇನ್ ಚಿಟ್ಟೆ ಹಾರಾಡುತ್ತದೆ. ಒಣಕೊಂಬೆಯ ಮೇಲೆ ಮಿಂಚುಳ್ಳಿ ಮೀನಿಗಾಗಿ ಕಾದು ಕುಳಿತಿರುತ್ತದೆ. ನೀವು ನೀರಿಗೆ ಇಳಿಯುವುದು ಬೇಡ. ದಂಡೆಯ ಮೇಲೆ ಕುಳಿತರೂ ನೋಡುವುದಕ್ಕೆ ಬೇಕಾದಷ್ಟಿದೆ.

ಈಗ ನೀರಿನ ಕಡೆಗೆ ಬಾಗಿರುವ ಜಾಲಿ ಮರವನ್ನೋ ಈಚಲು ಮರವನ್ನೋ ನೋಡಿ. ಗೀಜಗನ ಗೂಡುಗಳು ಸೋರೆ ಬುರುಡೆಗಳಂತೆ ತೂಗಾಡುತ್ತಿರುತ್ತವೆ. ಅವುಗಳನ್ನು ಎಣಿಸಿ. ಕೆಲವು ಗೂಡುಗಳು ಪೂರ್ತಿಯಾಗಿವೆ. ಮೇಲೆ ದಪ್ಪ ಹೊಟ್ಟೆ, ಕೆಳಗೆ ಉದ್ದನೆಯ ಕೊಳವೆ, ಆ ಕೊಳವೆಯೇ ಬಾಗಿಲು. ಉಳಿದವು ಅರ್ಧಂಬರ್ಧ. ಬೋರಲು ಹಾಕಿದ ಪುಟ್ಟ ಬುಟ್ಟಿಯಂತೆ, ಅಡ್ಡಲಾಗಿ ಒಂದು ಪಟ್ಟಿ ಮಾತ್ರ, ಕೊಳವೆಯೇ ಇಲ್ಲ. ಇಷ್ಟು ಚೆನ್ನಾಗಿ ನೇಯಲು ಬಲ್ಲ ಹಕ್ಕಿ ಇವನ್ನು ಅರ್ಧಕ್ಕೆ ಏಕೆ ಬಿಟ್ಟಿತು?

ಈ ಪ್ರಶ್ನೆ ಹೊಸದಲ್ಲ. ಹಳ್ಳಿಯವರೂ ಪಂಡಿತರೂ ತಮಗೆ ತೋಚಿದ ಉತ್ತರ ಹೇಳುತ್ತಿದ್ದರು. ಹೆಣ್ಣು ಒಳಗೆ ಕಾವು ಕೊಡುವಾಗ ಗಂಡು ಹೊರಗೆ ಕುಳಿತು ಜೋಕಾಲಿ ಆಡಲು ಇನ್ನೊಂದು ಗೂಡು ಕಟ್ಟಿಕೊಳ್ಳುತ್ತದೆ ಎಂಬುದು ಅಂಥ ಒಂದು ಉತ್ತರ. ಕೇಳಲು ಚೆನ್ನಾಗಿದೆ. ಆದರೆ ಅದು ನಿಜವೇ ಎಂದು ದಿನಗಟ್ಟಲೆ ಕುಳಿತು ನೋಡಿದವರು ಕಡಿಮೆ. ಹಾಗೆ ನೋಡಿದವರು ಸಲೀಂ ಅಲಿ. ನಮ್ಮ ದೇಶದ ಹೆಸರಾಂತ ಪಕ್ಷಿತಜ್ಞರು ಅವರು.

ಸಲೀಂ ಅಲಿ ಹುಟ್ಟಿದ್ದು 1896ರ ನವೆಂಬರ್ 12ರಂದು, ಮುಂಬಯಿಯಲ್ಲಿ. ಒಂದು ವರ್ಷದ ಮಗುವಾಗಿದ್ದಾಗ ತಂದೆ ತೀರಿಕೊಂಡರು, ಮೂರು ವರ್ಷವಾಗಿದ್ದಾಗ ತಾಯಿ. ಮಕ್ಕಳಿಲ್ಲದ ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಮತ್ತು ಅತ್ತೆ ಹಮೀದಾ ಬೇಗಂ ಅವರ ಮನೆಯಲ್ಲಿ ಅಣ್ಣ ಅಕ್ಕಂದಿರೊಂದಿಗೆ ಸಲೀಂ ಬೆಳೆದ. ಮಾವ ಒಳ್ಳೆಯ ಬೇಟೆಗಾರ. ಹುಡುಗನಿಗೂ ಒಂದು ಆಟದ ಏರ್‌ಗನ್ ಸಿಕ್ಕಿತು. ಅದರಿಂದ ಗುಬ್ಬಿ ಹೊಡೆಯುವುದು ಅವನ ಆಟವಾಗಿತ್ತು.

ಒಂದು ದಿನ ಹೊಡೆದ ಗುಬ್ಬಿಯ ಕತ್ತಿನ ಕೆಳಗೆ ಹಳದಿ ಮಚ್ಚೆ ಇತ್ತು. ಮನೆಯ ಸೂರಿನಲ್ಲಿ ಗೂಡು ಕಟ್ಟುವ ಗುಬ್ಬಿಗೆ ಅಂಥ ಮಚ್ಚೆ ಇಲ್ಲ. ಇದು ಯಾವ ಹಕ್ಕಿ? ತಿನ್ನಬಹುದೇ, ಬಾರದೇ? ಮಾವನಿಗೂ ತಿಳಿಯಲಿಲ್ಲ. ಅವರು ಹುಡುಗನನ್ನು ಮುಂಬಯಿ ನಿಸರ್ಗ ಇತಿಹಾಸ ಸಂಘದ ಕಾರ್ಯದರ್ಶಿ ಮಿಲ್ಲಾರ್ಡ್ ಅವರ ಬಳಿಗೆ ಕಳುಹಿಸಿದರು. ಮಿಲ್ಲಾರ್ಡ್ ನೋಡಿದೊಡನೆ ಅದು ಹಳದಿ ಕತ್ತಿನ ಗುಬ್ಬಿ ಎಂದು ಗುರುತಿಸಿದರು. ಅಷ್ಟಕ್ಕೇ ಬಿಡಲಿಲ್ಲ. ಬೀರುಗಳ ಬಾಗಿಲು ತೆರೆದು ಒಣಗಿಸಿ ಜೋಡಿಸಿಟ್ಟ ನೂರಾರು ಹಕ್ಕಿಗಳನ್ನು ತೋರಿಸಿದರು. ಬೇರೆ ಯಾರಾದರೂ ಆಗಿದ್ದರೆ ಹುಡುಗನನ್ನು ಬಾಗಿಲಿನಿಂದಲೇ ಕಳುಹಿಸಿಬಿಡುತ್ತಿದ್ದರೋ ಏನೋ! ಅಂದಿನಿಂದ ಸಲೀಂಗೆ ಹಕ್ಕಿಯ ಹುಚ್ಚು ಹಿಡಿಯಿತು.

ಶಾಲೆಯಲ್ಲಿ ಸಲೀಂ ಜಾಣ ವಿದ್ಯಾರ್ಥಿಯೇನಲ್ಲ. ಗಣಿತವೆಂದರೆ ಕಷ್ಟ. 1913ರಲ್ಲಿ ಹೇಗೋ ಮೆಟ್ರಿಕ್ ಪಾಸಾಯಿತು, ಕಾಲೇಜು ಓದು ಮೊದಲ ವರ್ಷಕ್ಕೇ ನಿಂತಿತು. ಆಗ ಮನೆಯವರ ವ್ಯವಹಾರ ನೋಡಿಕೊಳ್ಳಲು ಬರ್ಮಾಕ್ಕೆ ಹೋದರು. ಅಲ್ಲಿ ವುಲ್‌ಫ್ರಂ ಅದಿರಿನ ಗಣಿ ಇತ್ತು. ಟಂಗ್‌ಸ್ಟನ್ ಲೋಹ ಸಿಗುವುದು ಈ ಅದಿರಿನಿಂದ. ಆದರೆ ಸುತ್ತಲಿನ ಕಾಡಿನಲ್ಲಿ ಹಕ್ಕಿಗಳಿದ್ದವಲ್ಲ! ಗಣಿಗಿಂತ ಅವುಗಳ ಕಡೆಗೇ ಮನಸ್ಸು ಹೋಗುತ್ತಿತ್ತು. 1917ರಲ್ಲಿ ಮುಂಬಯಿಗೆ ಮರಳಿ ಪ್ರಾಣಿಶಾಸ್ತ್ರ ಕಲಿತರು. ಮರುವರ್ಷ ತೆಹಮಿನಾ ಅವರನ್ನು ಮದುವೆಯಾದರು.

1926ರಲ್ಲಿ ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿ ಬಂದವರಿಗೆ ಪ್ರಾಣಿ ಪಕ್ಷಿಗಳ ವಿವರ ಹೇಳುವ ಕೆಲಸ ಸಿಕ್ಕಿತು. ಎರಡು ವರ್ಷದ ನಂತರ ರಜೆ ಪಡೆದು ಜರ್ಮನಿಗೆ ಹೋದರು. ಬರ್ಲಿನ್‌ನಲ್ಲಿ ಸ್ಟ್ರೆಸೆಮನ್ ಎಂಬ ದೊಡ್ಡ ವಿಜ್ಞಾನಿಯ ಬಳಿ ಪಕ್ಷಿಶಾಸ್ತ್ರ ಕಲಿತರು. 1930ರಲ್ಲಿ ಹಿಂದಿರುಗಿದಾಗ ಒಂದು ಕೆಟ್ಟ ಸುದ್ದಿ ಕಾದಿತ್ತು. ಹಣವಿಲ್ಲವೆಂದು ಆ ಹುದ್ದೆಯನ್ನೇ ತೆಗೆದುಹಾಕಿದ್ದರು. ದೊಡ್ಡ ಪದವಿ ಇಲ್ಲದ್ದರಿಂದ ಬೇರೆ ಕಡೆಯೂ ಕೆಲಸ ಸಿಗಲಿಲ್ಲ. ವಯಸ್ಸು 33. ಕಲಿತ ವಿದ್ಯೆ ಕೈಯಲ್ಲಿದೆ, ಸಂಬಳವಿಲ್ಲ.

ಗಂಡ ಹೆಂಡತಿ ಮುಂಬಯಿಯನ್ನು ಬಿಟ್ಟು ಸಮುದ್ರದ ಆಚೆ ದಡದ ಕಿಹಿಮ್ ಎಂಬ ಹಳ್ಳಿಗೆ ಹೋದರು. ಇದು ಮಹಾರಾಷ್ಟ್ರದ ಅಲಿಬಾಗ್ ಹತ್ತಿರವಿದೆ. ಮಳೆಗಾಲ ಶುರುವಾಗಿತ್ತು. ಮನೆಯ ಸಮೀಪದಲ್ಲೇ ಗೀಜಗಗಳು ಗೂಡು ನೇಯಲು ತೊಡಗಿದ್ದವು. ಕೆಲಸವಿಲ್ಲದ ಸಲೀಂ ಅಲಿ ಅವನ್ನು ನೋಡುತ್ತ ಕುಳಿತರು. ಆ ಮಳೆಗಾಲವಿಡೀ ನೋಡಿದರು, ನೋಡಿದ್ದನ್ನು ಬರೆದಿಟ್ಟರು. ಕೆಲಸ ಹೋಗಿರದಿದ್ದರೆ ಇಷ್ಟು ಪುರುಸೊತ್ತು ಅವರಿಗೆ ಎಲ್ಲಿ ಸಿಗುತ್ತಿತ್ತು?

ಅದುವರೆಗೆ ಪಕ್ಷಿಶಾಸ್ತ್ರವೆಂದರೆ ಹೆಚ್ಚಾಗಿ ಹಕ್ಕಿಯನ್ನು ಹೊಡೆದು, ಚರ್ಮ ಒಣಗಿಸಿ, ಅಳತೆ ಮಾಡಿ ಹೆಸರಿಡುವುದು. ಸಲೀಂ ಅಲಿ ಅವರೂ ಅಧ್ಯಯನಕ್ಕಾಗಿ ಹಕ್ಕಿಗಳನ್ನು ಹೊಡೆದವರೇ. ಆದರೆ ಗೂಡು ಏಕೆ ಅರ್ಧಕ್ಕೆ ನಿಂತಿತು ಎಂಬ ಪ್ರಶ್ನೆಗೆ ಸತ್ತ ಹಕ್ಕಿಯಿಂದ ಉತ್ತರ ಸಿಗುವಂತಿರಲಿಲ್ಲ.

ಅವರು ಕಂಡದ್ದು ಏನು? ಅದನ್ನು ನೀವೂ ನಿಮ್ಮ ಹಳ್ಳದ ದಂಡೆಯಲ್ಲಿ ಕಾಣಬಹುದು. ಮಳೆ ಬಿದ್ದು ಹುಲ್ಲು ಉದ್ದವಾದೊಡನೆ ಗಂಡು ಗೀಜಗನ ತಲೆ ಮತ್ತು ಎದೆಗೆ ಅರಿಸಿನ ಬಣ್ಣ ಬರುತ್ತದೆ. ಹೆಣ್ಣು ಮಾತ್ರ ಗುಬ್ಬಿಯ ಹಾಗೆ ಕಂದು ಬಣ್ಣದ್ದು. ನೇಯುವ ಕೆಲಸವೆಲ್ಲ ಗಂಡಿನದು. ಅದು ಈಚಲ ಗರಿಯ ಅಂಚನ್ನೋ ಹುಲ್ಲಿನ ಎಲೆಯನ್ನೋ ಕೊಕ್ಕಿನಿಂದ ಸ್ವಲ್ಪ ಕತ್ತರಿಸಿ, ತುದಿ ಹಿಡಿದು ಹಾರಿಬಿಡುತ್ತದೆ. ಹಾರಿದ ರಭಸಕ್ಕೆ ಎಲೆ ಉದ್ದಕ್ಕೆ ಸೀಳಿ ಎಳೆಯಾಗಿ ಬರುತ್ತದೆ. ಎಳೆಯ ಉದ್ದ 20ರಿಂದ 60 ಸೆಂಟಿಮೀಟರ್. ಒಂದು ಗೂಡಿಗೆ ಹೀಗೆ ಸುಮಾರು 500 ಸಲ ಹಾರಿ ಹೋಗಿ ಬರಬೇಕು. ಪೂರ್ತಿ ಗೂಡಿಗೆ ಹದಿನೆಂಟು ದಿನ ಹಿಡಿಯಬಹುದು.

ಬೋರಲು ಬುಟ್ಟಿಯಷ್ಟು ಆದಾಗ ಗಂಡು ನೇಯ್ಗೆಯನ್ನು ತಡೆಹಿಡಿಯುತ್ತದೆ. ಆಗ ಹೆಣ್ಣುಗಳ ಗುಂಪು ಬರುತ್ತದೆ. ಗಂಡುಗಳೆಲ್ಲ ಗೂಡಿಗೆ ಜೋತುಬಿದ್ದು ರೆಕ್ಕೆ ಬಡಿದು ಕೂಗುತ್ತವೆ. ಸಂತೆಯಲ್ಲಿ ಅಂಗಡಿಯವರು ಗಿರಾಕಿಗಳನ್ನು ಕರೆದಂತೆ! ಹೆಣ್ಣು ಗೂಡಿನೊಳಗೆ ಹೋಗಿ ಎಳೆಗಳನ್ನು ಎಳೆದು ನೋಡುತ್ತದೆ. ಒಪ್ಪಿದರೆ ಅಲ್ಲೇ ಉಳಿಯುತ್ತದೆ. ಗಂಡು ಮೊಟ್ಟೆಯ ಕೋಣೆಯನ್ನೂ ಕೊಳವೆಯನ್ನೂ ನೇಯ್ದು ಗೂಡು ಮುಗಿಸುತ್ತದೆ. ಒಪ್ಪದಿದ್ದರೆ ಹೆಣ್ಣು ಪಕ್ಕದ ಗೂಡಿಗೆ ಹೋಗುತ್ತದೆ. ಯಾವ ಹೆಣ್ಣೂ ಒಪ್ಪದ ಗೂಡನ್ನು ಗಂಡು ಅಷ್ಟಕ್ಕೇ ಕೈಬಿಟ್ಟು ಹೊಸದೊಂದನ್ನು ಶುರುಮಾಡುತ್ತದೆ. ಅರ್ಧಕ್ಕೆ ನಿಂತ ಗೂಡು ಜೋಕಾಲಿಯಲ್ಲ, ಹೆಣ್ಣು ಒಲ್ಲೆನೆಂದ ಮನೆ.

ಇನ್ನೊಂದು ಸಂಗತಿಯೂ ತಿಳಿಯಿತು. ಮೊದಲ ಗೂಡಿನಲ್ಲಿ ಹೆಣ್ಣು ಎರಡರಿಂದ ನಾಲ್ಕು ಬಿಳಿ ಮೊಟ್ಟೆ ಇಟ್ಟು ಕಾವಿಗೆ ಕುಳಿತೊಡನೆ, ಗಂಡು ಹತ್ತಿರದಲ್ಲೇ ಇನ್ನೊಂದು ಗೂಡು ಕಟ್ಟತೊಡಗುತ್ತದೆ. ಅದಕ್ಕೆ ಇನ್ನೊಂದು ಹೆಣ್ಣು ಬರುತ್ತದೆ. ಹೀಗೆ ಒಂದೇ ಋತುವಿನಲ್ಲಿ ಒಂದು ಗಂಡಿಗೆ ಒಂದರ ನಂತರ ಒಂದರಂತೆ ಹಲವು ಸಂಸಾರ. ಕಾವು ಕೊಡುವ ಕೆಲಸ ಹೆಣ್ಣಿನದೇ. ಎರಡು ವಾರದಲ್ಲಿ ಮರಿಗಳು ಹೊರಬರುತ್ತವೆ. ಈ ಸಂಗತಿಗಳನ್ನು ಸಲೀಂ ಅಲಿ 1931ರಲ್ಲಿ ಪ್ರಕಟಿಸಿದಾಗ ದೇಶ ವಿದೇಶದ ಪಕ್ಷಿತಜ್ಞರು ಅವರತ್ತ ತಿರುಗಿ ನೋಡಿದರು.

ಹೆಣ್ಣು ಯಾವುದನ್ನು ನೋಡಿ ಒಪ್ಪುತ್ತದೆ ಎಂಬುದನ್ನು ಅವರ ನಂತರದ ಸಂಶೋಧಕರೂ ಹುಡುಕಿದರು. ನೇಯ್ಗೆಯ ಅಂದಕ್ಕಿಂತ ಗೂಡು ತೂಗುಬಿದ್ದ ಜಾಗವೇ ಮುಖ್ಯವೆಂದು ಕಂಡಿತು. ಕೊಂಬೆ ಎತ್ತರದಲ್ಲಿದ್ದು ಗಟ್ಟಿಯಾಗಿರಬೇಕು. ಮುಳ್ಳಿನ ಜಾಲಿ, ಕೆಳಗೆ ನೀರು: ಇದಕ್ಕಿಂತ ಒಳ್ಳೆಯ ಕಾವಲು ಇನ್ನೇನಿದೆ? ಗೂಡಿನ ಒಳಗೋಡೆಗೆ ಗಂಡು ಹಸಿಮಣ್ಣಿನ ಉಂಡೆ ಮೆತ್ತುತ್ತದೆ. ರಾತ್ರಿ ದೀಪಕ್ಕಾಗಿ ಅದರಲ್ಲಿ ಮಿಂಚುಹುಳು ಅಂಟಿಸುತ್ತದೆ ಎಂದು ನಿಮ್ಮ ಅಜ್ಜಿ ಹೇಳಿರಬಹುದು. ಕಥೆ ಸೊಗಸಾಗಿದೆ, ಆದರೆ ನಿಜವಲ್ಲ. ಗಾಳಿಗೆ ಗೂಡು ಹೆಚ್ಚು ಹೊಯ್ದಾಡದಂತೆ ಮಣ್ಣು ಭಾರ ಕೊಡುತ್ತದೆ ಎಂದು ಹಲವರು ಊಹಿಸಿದ್ದಾರೆ.

ಕೆಲಸವಿಲ್ಲದ ಸಲೀಂ ಅಲಿ ಮುಂದೆ ಒಂದು ದಾರಿ ಕಂಡುಕೊಂಡರು. ಒಂದೊಂದೇ ಸಂಸ್ಥಾನಕ್ಕೆ ಹೋಗಿ ಅಲ್ಲಿ ಯಾವ ಯಾವ ಹಕ್ಕಿಗಳಿವೆ ಎಂದು ಪಟ್ಟಿ ಮಾಡುವುದು. 1931-32ರಲ್ಲಿ ಹೈದರಾಬಾದ್ ಸಂಸ್ಥಾನ, ಆಮೇಲೆ ತಿರುವಾಂಕೂರು ಮತ್ತು ಕೊಚ್ಚಿ. ಈ ತಿರುಗಾಟದಲ್ಲಿ ತೆಹಮಿನಾ ಅವರೂ ಜೊತೆಗಿದ್ದು ಆಸರೆಯಾಗಿದ್ದರು. 1939ರಲ್ಲಿ ಒಂದು ಸಣ್ಣ ಶಸ್ತ್ರಚಿಕಿತ್ಸೆಯ ನಂತರ ಅವರು ತೀರಿಕೊಂಡರು. ಅದೇ ವರ್ಷ ಸಲೀಂ ಅಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ತೊಡಗಿದರು. ಈ ಸಲ ಒಂಟಿಯಾಗಿ.

ಶ್ರೀರಂಗಪಟ್ಟಣದ ಬಳಿ ಕಾವೇರಿಗೆ 17ನೆಯ ಶತಮಾನದಲ್ಲಿ ಕಟ್ಟಿದ ಒಂದು ಅಣೆಕಟ್ಟು ಇದೆ. ಅದರಿಂದ ನದಿಯ ನಡುವೆ ಪುಟ್ಟ ಪುಟ್ಟ ನಡುಗಡ್ಡೆಗಳು ಉಂಟಾಗಿದ್ದವು. ಅಲ್ಲಿನ ಮರಗಳಲ್ಲಿ ಕೊಕ್ಕರೆ, ಬೆಳ್ಳಕ್ಕಿಗಳು ಗೂಡು ಕಟ್ಟುತ್ತಿದ್ದುದನ್ನು ಸಲೀಂ ಅಲಿ ಗಮನಿಸಿದರು. ಈ ಜಾಗವನ್ನು ಕಾಪಾಡಬೇಕೆಂದು ಮೈಸೂರಿನ ಅರಸರ ಮನವೊಲಿಸಿದರು. 1940ರಲ್ಲಿ ಅದು ಪಕ್ಷಿಧಾಮವಾಯಿತು. ನೀವು ಪ್ರವಾಸದಲ್ಲಿ ನೋಡುವ ರಂಗನತಿಟ್ಟು ಅದೇ.

ನಿಮ್ಮ ಕೋಗಳಿ ಸೀಮೆ ಆಗ ಮೈಸೂರಿಗೂ ಸೇರಿರಲಿಲ್ಲ, ಹೈದರಾಬಾದಿಗೂ ಸೇರಿರಲಿಲ್ಲ. ಬಳ್ಳಾರಿ ಜಿಲ್ಲೆಯ ಜೊತೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಹಾಗಾಗಿ ಈ ಎರಡೂ ಸಮೀಕ್ಷೆಗಳ ನಡುವೆ ಉಳಿದುಬಿಟ್ಟಿತು. ಹಕ್ಕಿಗೆ ಗಡಿ ಗೊತ್ತಿಲ್ಲ, ಪಟ್ಟಿ ಮಾಡುವವರಿಗೆ ಗೊತ್ತು! ಬಹಳ ಕಾಲದ ಮೇಲೆ, 2017ರಲ್ಲಿ, ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಯನ್ನು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಸುಮಾರು 244 ಎಕರೆಯ ಈ ಕೆರೆಯ ನೀರಿನಲ್ಲೇ ಕರಿಜಾಲಿ ಮರಗಳು ನಿಂತಿವೆ. ಬಣ್ಣದ ಕೊಕ್ಕರೆಗಳು ಅಲ್ಲಿ ಸೇರುತ್ತವೆ. 2024ರಲ್ಲಿ ಅದು ಜಗತ್ತಿನ ಮುಖ್ಯ ಜೌಗುನೆಲಗಳ ಪಟ್ಟಿಗೆ, ಅಂದರೆ ರಾಮ್ಸಾರ್ ಪಟ್ಟಿಗೆ ಸೇರಿತು.

ಸಲೀಂ ಅಲಿ 1941ರಲ್ಲಿ ಭಾರತದ ಹಕ್ಕಿಗಳ ಬಗ್ಗೆ ಬಣ್ಣದ ಚಿತ್ರಗಳ ಒಂದು ಪುಸ್ತಕ ಹೊರತಂದರು. ಸಾಮಾನ್ಯ ಜನ ಹಕ್ಕಿಗಳನ್ನು ಗುರುತಿಸಲು ಕಲಿತದ್ದು ಬಹುಮಟ್ಟಿಗೆ ಈ ಪುಸ್ತಕದಿಂದ. ರಿಪ್ಲೆ ಎಂಬ ಅಮೆರಿಕದ ವಿಜ್ಞಾನಿಯೊಂದಿಗೆ 1968ರಿಂದ 1974ರವರೆಗೆ ಹತ್ತು ಸಂಪುಟಗಳ ದೊಡ್ಡ ಗ್ರಂಥವನ್ನೂ ಬರೆದರು. 1976ರಲ್ಲಿ ಪದ್ಮವಿಭೂಷಣ ಪ್ರಶಸ್ತಿ ಬಂತು. 1985ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. 1987ರಲ್ಲಿ, ತೊಂಬತ್ತು ವರ್ಷ ದಾಟಿದ ಮೇಲೆ, ಮುಂಬಯಿಯಲ್ಲಿ ನಿಧನರಾದರು.

ದೀಪಾವಳಿ ಕಳೆದ ಮೇಲೆ ಇನ್ನೊಮ್ಮೆ ಹಳ್ಳದ ದಂಡೆಗೆ ಹೋಗಿ. ನೀರು ಇಳಿದಿರುತ್ತದೆ. ಗಂಡು ಗೀಜಗನ ಅರಿಸಿನ ಬಣ್ಣ ಮಾಸಿ, ಅದೂ ಹೆಣ್ಣಿನಂತೆ ಕಾಣುತ್ತ ಹಿಂಡು ಕಟ್ಟಿಕೊಂಡು ಹೊಲಗಳಲ್ಲಿ ಕಾಳು ಹೆಕ್ಕುತ್ತಿರುತ್ತದೆ. ಹಸಿರು ಗೂಡುಗಳು ಒಣಗಿ ಹುಲ್ಲಿನ ಬಣ್ಣಕ್ಕೆ ತಿರುಗಿರುತ್ತವೆ. ಈಗ ಕೊಳವೆ ಇರುವವು ಎಷ್ಟು, ಇಲ್ಲದವು ಎಷ್ಟು ಎಂದು ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಗೂಡು ಖಾಲಿ ಇದೆಯೆಂದು ಕಿತ್ತು ತರಬೇಡಿ. ಬೂದುಕೊಕ್ಕಿನ ಪುಟ್ಟ ರಾಟವಾಳಗಳು ಚಳಿಗಾಲದಲ್ಲಿ ಗೀಜಗನ ಹಳೆಯ ಗೂಡಿನಲ್ಲೇ ಮೊಟ್ಟೆ ಇಡುವುದುಂಟು.