ಮಂಜುಗಡ್ಡೆಯ ಮಲ್ಲ ಎಡ್ಡಿ ಶೋರ್

ಹಾಕಿ ಎಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ಹಸುರು ಬಯಲು. ಕೆನಡ ದೇಶದಲ್ಲಿ ಅದೇ ಹೆಸರು ಬೇರೊಂದು ಆಟಕ್ಕೆ ಸಲ್ಲುತ್ತದೆ. ಅಲ್ಲಿ ನೆಲವೆಂದರೆ ಮಂಜುಗಡ್ಡೆ. ಕಾಲಿಗೆ ಉಕ್ಕಿನ ಅಲಗಿನ ಪಾದರಕ್ಷೆ. ಚೆಂಡಿನ ಬದಲು ರಬ್ಬರಿನ ಚಪ್ಪಟೆ ಬಿಲ್ಲೆ. ಪಕ್ಷವೊಂದರ ಆರು ಮಂದಿಯಲ್ಲಿ ಇಬ್ಬರು ರಕ್ಷಣೆಯವರು. ಎದುರಾಳಿಯನ್ನು ತಡೆಯುವುದೇ ಅವರ ಮುಖ್ಯ ಕರ್ತವ್ಯವೆಂದು ಎಣಿಸಿದ್ದ ಕಾಲದಲ್ಲಿ, ತಡೆದ ಬಿಲ್ಲೆಯನ್ನು ತಾನೇ ಮುನ್ನಡೆಸಿಕೊಂಡು ಹೋಗಿ ಗೋಲು ಸೇರಿಸಿ ಹೆಸರಾದವನು ಎಡ್ಡಿ ಶೋರ್.

1902ರ ನವೆಂಬರ್ 25ರಂದು, ಇಂದಿನ ಸಸ್ಕಾಚೆವಾನ್ ಪ್ರಾಂತದ ಫೋರ್ಟ್ ಕ್ವಾಪೆಲ್‌ನಲ್ಲಿ ಆತ ಜನಿಸಿದನು. ಬೆಳೆದುದು ಹೊಲಗದ್ದೆ, ಕುದುರೆಗಳ ನಡುವೆ. ರಿಜೈನಾ, ಎಡ್ಮಂಟನ್ ಪಕ್ಷಗಳಲ್ಲಿ ಪಳಗಿ, 1926ರಲ್ಲಿ ಪಶ್ಚಿಮದ ಲೀಗು ಮುಚ್ಚಿಹೋದಾಗ ಅಮೆರಿಕದ ಬೋಸ್ಟನ್ ಬ್ರೂಯಿನ್ಸ್ ಪಕ್ಷವನ್ನು ಸೇರಿದನು. ಮೊದಲ ಋತುವಿನಲ್ಲಿಯೇ 12 ಗೋಲು ಹೊಡೆದನು. ತಪ್ಪಾಟಕ್ಕಾಗಿ 130 ನಿಮಿಷ ಹೊರಗೆ ಕುಳಿತನು. ಮುಂದಿನ ಬಾಳೆಲ್ಲ ಈ ಎರಡು ಅಂಕಿಗಳಲ್ಲಿ ಅಡಗಿತ್ತು.

ಶೋರ್ ತನ್ನ ದೇಹಕ್ಕೆ ಕರುಣೆ ತೋರಿದವನಲ್ಲ. ಮೈಮೇಲಿನ ಹೊಲಿಗೆಗಳು ನೂರಾರು. 1929ರ ಜನವರಿಯಲ್ಲಿ ಮಾಂಟ್ರಿಯಲ್‌ಗೆ ಹೋಗುವ ರೈಲು ತಪ್ಪಿದಾಗ, ಹಿಮದ ಬಿರುಗಾಳಿಯಲ್ಲಿ ರಾತ್ರಿಯಿಡೀ ಕಾರಿನಲ್ಲಿ ಪಯಣಿಸಿ, ಪಂದ್ಯದ ಏಕೈಕ ಗೋಲನ್ನು ತಾನೇ ಹೊಡೆದನು. ರೈಲು ತಪ್ಪಿಸಿಕೊಂಡುದಕ್ಕೆ ವ್ಯವಸ್ಥಾಪಕ ಆರ್ಟ್ ರಾಸ್ ಆತನಿಗೆ ದಂಡ ವಿಧಿಸಿದನು. ಆ ವರ್ಷವೇ ಬೋಸ್ಟನ್ ಮೊದಲ ಬಾರಿಗೆ ಸ್ಟ್ಯಾನ್ಲಿ ಕಪ್ ಗೆದ್ದಿತು.

ತನಗಿಲ್ಲದ ಕರುಣೆ ಪರರಿಗೂ ಇರಲಿಲ್ಲ. 1933ರ ಡಿಸೆಂಬರ್ 12ರಂದು ಬೋಸ್ಟನ್‌ನಲ್ಲಿ ಟೊರಾಂಟೊ ಆಟಗಾರನೊಬ್ಬ ಶೋರ್‌ನನ್ನು ಕೆಡವಿದನು. ರೊಚ್ಚಿನಿಂದ ಎದ್ದ ಶೋರ್, ಬೆನ್ನು ತಿರುಗಿಸಿದ್ದ ಏಸ್ ಬೈಲಿಯನ್ನು ಹಿಂದಿನಿಂದ ಅಪ್ಪಳಿಸಿದನು. ಕೆಡವಿದವನು ಬೈಲಿಯಲ್ಲ. ಮಂಜುಗಡ್ಡೆಗೆ ತಲೆ ಬಡಿದು ಬೈಲಿಯ ತಲೆಬುರುಡೆ ಒಡೆಯಿತು. ಎರಡು ಶಸ್ತ್ರಚಿಕಿತ್ಸೆಗಳ ಅನಂತರ ಪ್ರಾಣವೇನೋ ಉಳಿಯಿತು; ಆಟ ಮುಗಿಯಿತು. ಶೋರ್‌ಗೆ 16 ಪಂದ್ಯಗಳ ಬಹಿಷ್ಕಾರವಾಯಿತು.

1934ರ ಫೆಬ್ರವರಿ 14ರಂದು ಬೈಲಿಯ ಸಹಾಯಾರ್ಥ ಟೊರಾಂಟೊದಲ್ಲಿ ಪಂದ್ಯವೊಂದು ಏರ್ಪಟ್ಟಿತು. ಇತರ ಪಕ್ಷಗಳಿಂದ ಆರಿಸಿದ ಆಟಗಾರರಲ್ಲಿ ಶೋರ್ ಕೂಡ ಇದ್ದನು. ಆಟಕ್ಕೆ ಮುನ್ನ ಇಬ್ಬರೂ ಮುಖಾಮುಖಿಯಾದರು. ಬೈಲಿ ಕೈ ನೀಡಿದನು; ಶೋರ್ ಅದನ್ನು ಹಿಡಿದನು. ಬೈಲಿಯ ಊರಿನ ಜನವೇ ಹರ್ಷಧ್ವನಿಗೈದರು. ಸಂಗ್ರಹವಾದ ಹಣ 20,000 ಡಾಲರುಗಳಿಗೂ ಮೀರಿತು.

ಆ ಕ್ಷಮೆ ಶೋರ್‌ಗೆ ಮತ್ತೊಮ್ಮೆ ಬಾಳು ಕೊಟ್ಟಿತೆನ್ನಬೇಕು. 1933ರಲ್ಲೇ ದೊರೆತಿದ್ದ ಹಾರ್ಟ್ ಪಾರಿತೋಷಕ, ಲೀಗಿನ ಶ್ರೇಷ್ಠ ಆಟಗಾರನಿಗೆ ಸಲ್ಲುವಂಥದು, 1935, 1936, 1938ರಲ್ಲಿ ಮತ್ತೆ ಆತನದಾಯಿತು. ರಕ್ಷಣೆಯವರಲ್ಲಿ ನಾಲ್ಕು ಬಾರಿ ಅದನ್ನು ಪಡೆದವರು ಇನ್ನೊಬ್ಬರಿಲ್ಲ. 1939ರಲ್ಲಿ ಎರಡನೆಯ ಸ್ಟ್ಯಾನ್ಲಿ ಕಪ್ ಬಂದಿತು. ಲೀಗಿನಲ್ಲಿ ಆತನ ಒಟ್ಟು ಗಳಿಕೆ 105 ಗೋಲು.

ಆದರೆ ಕ್ಷಮೆಯನ್ನು ಪಡೆದವನು ಅದನ್ನು ನೀಡಲು ಕಲಿಯಲಿಲ್ಲ. ಸ್ಪ್ರಿಂಗ್‌ಫೀಲ್ಡ್ ಪಕ್ಷದ ಒಡೆಯನಾಗಿ ಆಟಗಾರರನ್ನು ತನ್ನಂತೆಯೇ ಕಲ್ಲಾಗಿಸಲು ಹೊರಟನು. 1960ರಿಂದ 1962ರವರೆಗೆ ಸತತ ಮೂರು ವರ್ಷ ಪಕ್ಷ ಕ್ಯಾಲ್ಡರ್ ಕಪ್ ಗೆದ್ದಿತು, ನಿಜ. ಆದರೆ 1966ರಲ್ಲಿ ಆಟಗಾರರು ಆತನ ದರ್ಪವನ್ನು ಸಹಿಸಲಾರದೆ ಆಡಲು ನಿರಾಕರಿಸಿದರು. ಅವರ ಪರ ನಿಂತ ವಕೀಲ ಆಲನ್ ಈಗಲ್‌ಸನ್‌ನ ನೇತೃತ್ವದಲ್ಲಿ ಮರುವರ್ಷವೇ ನ್ಯಾಷನಲ್ ಹಾಕಿ ಲೀಗಿನ ಆಟಗಾರರ ಸಂಘ ಹುಟ್ಟಿತು. ಹೀಗೆ ಶೋರ್‌ನ ಕಾಠಿಣ್ಯವೇ, ಆತ ಬಯಸದಿದ್ದರೂ, ಮುಂದಿನ ತಲೆಮಾರಿಗೆ ರಕ್ಷೆಯಾಯಿತು.

1985ರ ಮಾರ್ಚ್ 16ರಂದು ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಶೋರ್ ನಿಧನನಾದನು. ಬೈಲಿ 1992ರವರೆಗೆ ಬದುಕಿದ್ದನು. ಒಬ್ಬನ ಹೆಸರು ಪಾರಿತೋಷಕಗಳ ಪಟ್ಟಿಯಲ್ಲಿ ನಾಲ್ಕು ಕಡೆ ಉಳಿದಿದೆ. ಇನ್ನೊಬ್ಬನದು ಚಾಚಿದ ಕೈಯೊಂದರಲ್ಲಿ. ಶೋರ್‌ನ ಚರಿತ್ರೆಯನ್ನು ಬರೆಯುವವರಾರೂ ಆ ಕೈಯನ್ನು ಬಿಟ್ಟು ಬರೆಯಲಾರರು.