ತಟಸ್ಥೀಕರಣದ ಗುಟ್ಟು ಬಿಡಿಸಿದ ಸ್ವಾಂಟೆ ಅರ್ಹೇನಿಯಸ್

ಆಮ್ಲಕ್ಕೆ ಪ್ರತ್ಯಾಮ್ಲವನ್ನು ತಕ್ಕ ಪ್ರಮಾಣದಲ್ಲಿ ಬೆರೆಸಿದರೆ ಎರಡರ ತೀಕ್ಷ್ಣತೆಯೂ ಅಡಗಿ ಲವಣ ಮತ್ತು ನೀರು ಉಂಟಾಗುತ್ತವೆ. ಪ್ರೌಢಶಾಲೆಯ ವಿದ್ಯಾರ್ಥಿಗಳಿಗೂ ಪರಿಚಿತವಾದ ಈ ತಟಸ್ಥೀಕರಣದ ಒಳಮರ್ಮವನ್ನು ತಿಳಿಸಿಕೊಟ್ಟವರು ಸ್ವೀಡನ್ನಿನ ವಿಜ್ಞಾನಿ ಸ್ವಾಂಟೆ ಆಗಸ್ಟ್ ಅರ್ಹೇನಿಯಸ್. ಆದರೆ ಆ ವಿಚಾರದ ಬೀಜವಿದ್ದ ಮಹಾಪ್ರಬಂಧಕ್ಕೆ ಅವರ ವಿಶ್ವವಿದ್ಯಾಲಯ ನೀಡಿದ್ದು ತೀರಾ ಕೆಳಗಿನ ದರ್ಜೆ.

ಅರ್ಹೇನಿಯಸ್ ಜನಿಸಿದ್ದು 1859ರ ಫೆಬ್ರವರಿ 19ರಂದು, ಉಪ್ಸಾಲಾ ನಗರದ ಸಮೀಪದ ವಿಕ್ ಎಂಬಲ್ಲಿ. ತಂದೆ ಭೂಮಾಪಕರು. 1876ರಲ್ಲಿ ಉಪ್ಸಾಲಾ ವಿಶ್ವವಿದ್ಯಾಲಯ ಸೇರಿದ ಅವರಿಗೆ ಅಲ್ಲಿನ ಬೋಧನೆ ತೃಪ್ತಿ ತರಲಿಲ್ಲ. 1881ರಲ್ಲಿ ಸ್ಟಾಕ್‌ಹೋಮ್‌ಗೆ ತೆರಳಿ, ಭೌತವಿಜ್ಞಾನಿ ಎರಿಕ್ ಎಡ್ಲಂಡ್ ಅವರ ಮಾರ್ಗದರ್ಶನದಲ್ಲಿ ದ್ರಾವಣಗಳ ಮೂಲಕ ವಿದ್ಯುತ್ ಹರಿಯುವ ಬಗೆಯನ್ನು ಅಭ್ಯಸಿಸಿದರು.

ಈ ಸಂಶೋಧನೆಯ ಫಲವನ್ನು 1884ರಲ್ಲಿ ಉಪ್ಸಾಲಾ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದರು. ಪರೀಕ್ಷಕರಿಗೆ ಅದು ರುಚಿಸಲಿಲ್ಲ. ದೊರೆತ ದರ್ಜೆ ಅಧ್ಯಾಪಕ ಹುದ್ದೆಯ ಬಾಗಿಲನ್ನೇ ಮುಚ್ಚುವಂತಿತ್ತು. ಅರ್ಹೇನಿಯಸ್ ಎದೆಗುಂದದೆ ಪ್ರಬಂಧದ ಪ್ರತಿಗಳನ್ನು ಹೊರದೇಶಗಳ ವಿದ್ವಾಂಸರಿಗೆ ಕಳುಹಿಸಿದರು. ರೀಗಾದಲ್ಲಿದ್ದ ವಿಲ್ಹೆಲ್ಮ್ ಓಸ್ವಾಲ್ಡ್ ಅದರ ಮಹತ್ವವನ್ನು ಕೂಡಲೇ ಗುರುತಿಸಿದರು. ಆಮ್ಲಗಳ ಪ್ರಾಬಲ್ಯವನ್ನು ಅವರು ಬೇರೊಂದು ಮಾರ್ಗದಿಂದ ಅಳೆಯುತ್ತಿದ್ದರು. ಎರಡೂ ಫಲಿತಾಂಶಗಳು ತಾಳೆಯಾಗುತ್ತಿದ್ದವು. ಅದೇ ವರ್ಷ ಓಸ್ವಾಲ್ಡ್ ಸ್ವತಃ ಉಪ್ಸಾಲಾಕ್ಕೆ ಬಂದು ತರುಣ ಸಂಶೋಧಕನನ್ನು ಭೇಟಿಯಾದರು. ಬಳಿಕ ಉಪ್ಸಾಲಾದಲ್ಲೇ ಅವರಿಗೆ ಅಧ್ಯಾಪಕ ಸ್ಥಾನ ದೊರೆಯಿತು.

1887ರಲ್ಲಿ ಸಿದ್ಧಾಂತ ಪೂರ್ಣರೂಪ ಪಡೆಯಿತು. ಆಮ್ಲ, ಪ್ರತ್ಯಾಮ್ಲ, ಲವಣಗಳು ನೀರಿನಲ್ಲಿ ಕರಗಿದಾಗ, ವಿದ್ಯುತ್ ಹಾಯಿಸುವ ಮೊದಲೇ, ಆವೇಶವುಳ್ಳ ಅಯಾನುಗಳಾಗಿ ಬೇರ್ಪಡುತ್ತವೆ ಎಂಬುದೇ ಅದರ ತಿರುಳು. ಆಮ್ಲ ಹೈಡ್ರೋಜನ್ ಅಯಾನನ್ನೂ ಪ್ರತ್ಯಾಮ್ಲ ಹೈಡ್ರಾಕ್ಸೈಡ್ ಅಯಾನನ್ನೂ ಬಿಟ್ಟುಕೊಡುತ್ತವೆ. ನೀರಿನೊಡನೆ ಉಗ್ರವಾಗಿ ವರ್ತಿಸುವ ಸೋಡಿಯಂ ಉಪ್ಪುನೀರಿನಲ್ಲಿ ಬಿಡಿಯಾಗಿ ಇರುವುದಾದರೂ ಹೇಗೆಂದು ಹಲವರು ಆಕ್ಷೇಪಿಸಿದರು. ಆವೇಶ ಹೊತ್ತ ಅಯಾನಿನ ಗುಣವೇ ಬೇರೆ, ಲೋಹದ ಗುಣವೇ ಬೇರೆ ಎಂಬುದು ಅದಕ್ಕೆ ಉತ್ತರವಾಗಿತ್ತು.

ತಟಸ್ಥೀಕರಣದ ಹಳೆಯ ಒಗಟೊಂದು ಇದರಿಂದ ಬಿಡಿಸಿಕೊಂಡಿತು. ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಕಾಸ್ಟಿಕ್ ಸೋಡಾ ಬೆರೆಸಿದರೂ, ನೈಟ್ರಿಕ್ ಆಮ್ಲಕ್ಕೆ ಕಾಸ್ಟಿಕ್ ಪೊಟ್ಯಾಷ್ ಬೆರೆಸಿದರೂ ಹೊಮ್ಮುವ ಶಾಖ ಹೆಚ್ಚುಕಡಿಮೆ ಒಂದೇ: ಪ್ರತಿ ಮೋಲ್ ನೀರಿಗೆ ಸುಮಾರು 57 ಕಿಲೋಜೂಲ್. ಪದಾರ್ಥಗಳು ಬೇರೆಯಾದರೂ ಶಾಖ ಏಕೆ ಬದಲಾಗದು? ಎರಡೂ ಕಡೆ ನಡೆಯುವುದು ಹೈಡ್ರೋಜನ್ ಮತ್ತು ಹೈಡ್ರಾಕ್ಸೈಡ್ ಅಯಾನುಗಳು ಕೂಡಿ ನೀರಾಗುವ ಒಂದೇ ಕ್ರಿಯೆ. ಸೋಡಿಯಂ, ಕ್ಲೋರೈಡ್ ಮುಂತಾದ ಉಳಿದ ಅಯಾನುಗಳು ಇದ್ದಂತೆಯೇ ಇರುತ್ತವೆ. ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲದಂಥ ದುರ್ಬಲ ಆಮ್ಲಗಳು ಅಲ್ಪಸ್ವಲ್ಪವೇ ಅಯಾನುಗಳಾಗಿರುವುದರಿಂದ ಅವುಗಳ ಲೆಕ್ಕ ತುಸು ಬೇರೆ.

1895ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಪ್ರಾಧ್ಯಾಪಕರಾದ ಅರ್ಹೇನಿಯಸ್, 1896ರಲ್ಲಿ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಭೂಮಿಯ ತಾಪವನ್ನು ಏರಿಸುವ ಬಗೆಯನ್ನೂ ಲೆಕ್ಕ ಹಾಕಿದರು. 1903ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಅವರನ್ನು ಅರಸಿ ಬಂತು. ಆ ಗೌರವ ಪಡೆದ ಮೊದಲ ಸ್ವೀಡನ್ ಪ್ರಜೆ ಅವರೇ. ಹತ್ತೊಂಬತ್ತು ವರ್ಷಗಳ ಹಿಂದೆ ಕೆಳದರ್ಜೆ ಪಡೆದಿದ್ದ ಪ್ರಬಂಧದಿಂದ ಬೆಳೆದ ಸಿದ್ಧಾಂತಕ್ಕೇ ಈ ಮನ್ನಣೆ ಸಂದಿತ್ತು. 1905ರಲ್ಲಿ ನೊಬೆಲ್ ಭೌತ ರಸಾಯನಶಾಸ್ತ್ರ ಸಂಸ್ಥೆಯ ನಿರ್ದೇಶಕರಾದರು.

ಹೈಡ್ರಾಕ್ಸೈಡ್ ಇಲ್ಲದ ಅಮೋನಿಯ ಪ್ರತ್ಯಾಮ್ಲವಾಗಿರುವುದನ್ನು ಅವರ ವ್ಯಾಖ್ಯೆ ನೇರವಾಗಿ ವಿವರಿಸುತ್ತಿರಲಿಲ್ಲ. 1923ರಲ್ಲಿ ಬ್ರಾನ್‌ಸ್ಟೆಡ್ ಮತ್ತು ಲೌರಿ ಇನ್ನೂ ವಿಶಾಲವಾದ ವ್ಯಾಖ್ಯೆ ನೀಡಿದರು. 1927ರ ಅಕ್ಟೋಬರ್ 2ರಂದು ಅರ್ಹೇನಿಯಸ್ ಸ್ಟಾಕ್‌ಹೋಮ್‌ನಲ್ಲಿ ನಿಧನರಾದರು. ಜಲದ್ರಾವಣಗಳ ತಟಸ್ಥೀಕರಣಕ್ಕೆ ಅವರು ಕೊಟ್ಟ ವಿವರಣೆಯಿಂದಲೇ ಇಂದಿಗೂ ತರಗತಿಗಳಲ್ಲಿ ಈ ಪಾಠ ಆರಂಭವಾಗುತ್ತದೆ.